ಎಸ್ತೇರಬಾಯಿಯ ಒಂದು ದಿನದ ರಜೆ

ಎಸ್ತೇರಬಾಯಿ ರಜೆ ಹಾಕಿದ್ದೇ ತಪ್ಪಾಯಿತು.

ಅಫಜಲಪುರದ ದವಾಖಾನೆಯಲ್ಲಿ ನರ್ಸಾಗಿ ಆಕೆಗೆ ಹನ್ನೊಂದು ವರ್ಷ. ಊರಿನ ಅರ್ಧ ಮಕ್ಕಳು ಮೊದಲ ಸಲ ಅತ್ತದ್ದು ಆಕೆಯ ಕೈಯಲ್ಲೇ. ಹೆರಿಗೆ, ಸೂಜಿ, ಮುಲಾಮು ಎಂದು ಓಡಾಡುತ್ತಿದ್ದವಳು ಒಂದು ದಿನವೂ ಮುಖ ಸಿಂಡರಿಸಿದ್ದಿಲ್ಲ. ಆದರೆ ಹೋದ ವಾರ, ಕಿವಿನೋವೆಂದು ಮೂರನೇ ಸಲ ಬಂದ ಮುದುಕಿ ಅಂಬುಬಾಯಿಯ ಮೇಲೆ ರೇಗಿಬಿಟ್ಟಳು. ಮುದುಕಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ಹೊರಟುಹೋದಳು. ಅಂದಿನಿಂದ ಎಸ್ತೇರಬಾಯಿಗೆ ಊಟ ರುಚಿಸಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಸತ್ಯದಾಸರ ಮುಂದೆ ಅತ್ತೇಬಿಟ್ಟಳು.

“ದೇವ್ರು ನಿನಗ ಎರಡೇ ಕೈ ಕೊಟ್ಟಾನ, ತಂಗಿ,” ಎಂದರು ಪಾದ್ರಿಗಳು. “ಊರಿನ ಭಾರೆಲ್ಲಾ ನೀನೇ ಹೊತ್ರ ಅವನಿಗೇನ ಕೆಲಸ? ನಾಳಿ ಒಂದು ದಿನ ಸುಮ್ಮ ಕೂಡು. ಸುಮ್ಮ ಕೂಡೂದೂ ಭಕ್ತೀನ.”

ಸೋಮವಾರ ಬೆಳಿಗ್ಗೆ ಆಕೆ ತಲೆಗೆ ಎರೆದುಕೊಂಡು, ಅಂಗಳದ ಬೇವಿನ ನೆರಳಿಗೆ ಹಗ್ಗದ ಹೊರಸು-ಮಂಚ ಹಾಕಿ ಕೂತಳು. ಗಂಡ ವಾಡಿಯಲ್ಲಿ ರೈಲ್ವೆ ನೌಕರ. ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಕರೆಯುವವರು ಯಾರೂ ಇರಲಿಲ್ಲ. ಹಾಗೆಂದು ಆಕೆ ತಿಳಿದಿದ್ದಳು.

ಪಕ್ಕದ ಮನೆಯ ಗುರುಶಾಂತಮ್ಮ ಗೋಡೆಯ ಮೇಲಿಂದ ಇಣುಕಿದಳು. ಒಂಬತ್ತು ಗಂಟೆಗೆ ಈ ಹೆಣ್ಣುಮಗಳು ಕೂತದ್ದನ್ನು ಅವಳು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಏನಾಗಿದೆ ಎಂದು ಕೇಳಿದಳು. ಏನೂ ಇಲ್ಲ, ಸುಮ್ಮನೆ ಕೂತಿದ್ದೇನೆ ಎಂದಳು ಎಸ್ತೇರಬಾಯಿ. ಆರೋಗ್ಯವಿದ್ದವರು ಸುಮ್ಮನೆ ಕೂಡುತ್ತಾರೆಂಬುದನ್ನು ಗುರುಶಾಂತಮ್ಮ ನಂಬುವ ಪೈಕಿ ಅಲ್ಲ. ಹತ್ತೇ ನಿಮಿಷಕ್ಕೆ ಜೋಳದ ಗಂಜಿ ಬಂತು, ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದದ್ದಾಯಿತು, ಉರಿಬೇಸಿಗೆಯಲ್ಲಿ ಎರಡು ಕೌದಿ ಹೊದಿಸಿ ಮಲಗಿಸಿದ್ದೂ ಆಯಿತು.

ಸುದ್ದಿ ಗೋಡೆ ಹಾರಿತು. ಬಾವಿಕಟ್ಟೆಯ ಮಾತಿನಲ್ಲಿ ನರ್ಸಬಾಯಿಗೆ ತಲೆ ಸುತ್ತಿತ್ತು. ಸುದ್ದಿ ಹಿಟ್ಟಿನ ಗಿರಣಿ ಮುಟ್ಟುವುದರೊಳಗೆ ಆಕೆ ಬಿದ್ದಿದ್ದಳು. ಟಾಂಗಾದ ಚಮನಸಾಬನ ಕಿವಿಗೆ ತಲುಪಿದಾಗ ಆಕೆಗೆ ಮಾತೇ ನಿಂತುಹೋಗಿತ್ತು.

ಚಮನಸಾಬನ ಮೂರು ಮಕ್ಕಳಿಗೂ ಹೆರಿಗೆ ಮಾಡಿಸಿದವಳು ಆಕೆಯೇ. ಅವನು ಸವಾರಿಯವರನ್ನು ನಡುದಾರಿಯಲ್ಲೇ ಇಳಿಸಿ ಟಾಂಗಾ ಓಡಿಸಿಕೊಂಡು ಬಂದ. ದೊಡ್ಡ ದವಾಖಾನೆಗೆಂದು ಸೊಲ್ಲಾಪುರದ ಬಸ್ಸಿಗೆ ಕೂಡಿಸುವವನೇ ಎಂದು ಹಟ ಹಿಡಿದ. ತನಗೇನೂ ಆಗಿಲ್ಲವೆಂದು ಎಸ್ತೇರಬಾಯಿ ಕೌದಿಯೊಳಗಿಂದ ಕೂಗಿಕೊಂಡರೂ ಅವನು ಅದನ್ನು ಜ್ವರದ ಬಡಬಡಿಕೆ ಎಂದೇ ತಿಳಿದ.

ಬಾಗಿಲ ಮುಂದೆ ಟಾಂಗಾ ನಿಂತಮೇಲೆ ಕೇಳಬೇಕೆ? ಓಣಿಯೆಲ್ಲ ಅಂಗಳಕ್ಕೆ ಬಂತು. ನಿವೃತ್ತ ಮಾಸ್ತರ ದತ್ತಪ್ಪ, ರೋಗಿಗೆ ಗಾಳಿ ಬಿಡಿ ಎಂದು ಎಲ್ಲರನ್ನೂ ಹಿಂದೆ ಸರಿಸುತ್ತ ತಾನೂ ಹಿಂದೆ ಸರಿದು, ಕುದುರೆಯ ಗೊರಸಿನ ಕೆಳಗೆ ಕಾಲಿನ ಹೆಬ್ಬೆರಳು ಕೊಟ್ಟ. ರಕ್ತ ಕಂಡದ್ದೇ ಎಸ್ತೇರಬಾಯಿ ಕೌದಿ ಕಿತ್ತೊಗೆದು ಎದ್ದಳು. ಔಷಧದ ಡಬ್ಬಿ ತಂದು ಪಟ್ಟಿ ಕಟ್ಟಿದಳು.

ಡಬ್ಬಿ ತೆರೆದದ್ದು ಎರಡನೇ ತಪ್ಪು. ಹೇಗೂ ಬಂದಿದ್ದೇವಲ್ಲ ಎಂದು ಒಬ್ಬ ಜಾಲಿಮುಳ್ಳು ಹೊಕ್ಕ ಹಿಮ್ಮಡಿ ಚಾಚಿದ, ಇನ್ನೊಬ್ಬಳು ಕೆಮ್ಮಿದಳು. ನೋಡುನೋಡುತ್ತ ಸಾಲು ಬಾಗಿಲು ದಾಟಿತು. ಎಸ್ತೇರಬಾಯಿಗೆ ಗಂಟಲವರೆಗೆ ಸಿಟ್ಟು ಬಂತು. ಬಾಯಿ ತೆರೆಯಬೇಕೆನ್ನುವಾಗ ಸಾಲಿನಲ್ಲಿ ಅಂಬುಬಾಯಿ ಕಂಡಳು. ಕೈಯಲ್ಲಿ ಬಟ್ಟೆಗೆ ಸುತ್ತಿದ ಎರಡು ಬಿಸಿರೊಟ್ಟಿ.

ಕಿವಿ ಈಗ ಹೇಗಿದೆ ಎಂದು ಎಸ್ತೇರಬಾಯಿ ತಲೆ ತಗ್ಗಿಸಿ ಕೇಳಿದಳು.

“ನನ್ನ ಕಿವಿ ಹಂಗೇ ಇರ್ಲಿ, ಬಾಯಿ. ಅವತ್ತೇ ನನಗ ಗೊತ್ತಾಗಿತ್ತು, ಮೈಯಾಗ ಆರಾಮ ಇದ್ದಿದ್ರ ನೀ ಸಿಟ್ಟಿಗೇಳಾಕಿ ಅಲ್ಲ ಅಂತ. ನಿನಗೇನಾಗ್ಯಾದ, ಅದನ್ನ ಹೇಳು.”

“ನನಗೇನೂ ಆಗಿಲ್ಲ, ಆಯಿ. ತಪ್ಪು ನಂದಽ ಅದ,” ಎಂದು ಎಸ್ತೇರಬಾಯಿ ಮುದುಕಿಯ ಕೈ ಹಿಡಿದುಕೊಂಡಳು. ಆಮೇಲೆ ಸಾಲಿನ ಕೊನೆಯವನವರೆಗೂ ಆಕೆಯ ಬಾಯಿಂದ ಒಂದು ಬಿರುಸು ಮಾತೂ ಹೊರಡಲಿಲ್ಲ. ಅಂಥ ದಿನ ಅದು ಸಣ್ಣ ಗೆಲುವಲ್ಲ.

ಸಂಜೆ ಐದಕ್ಕೆ ಪಾದ್ರಿ ಸತ್ಯದಾಸರು ಬಂದರು. ಅಂಗಳದಲ್ಲಿ ಇನ್ನೂ ಇಪ್ಪತ್ತು ಜನ. ಅವರು ಕುದುರೆಯನ್ನೂ ಸೇರಿಸಿ ಎಲ್ಲರನ್ನೂ ಒಮ್ಮೆ ನೋಡಿದರು.

“ಬಾವ್ಯಾಗ ನೀರು ಊರಾಕೂ ಹೊತ್ತು ಬೇಕಲ್ರಿ,” ಎಂದರು. “ಈಕಿನ್ನ ಒಂದೀಟು ಬಿಡ್ರಿ.”

ಜನ ನಾಚಿಕೊಂಡು ಚದುರಿದರು. ಚಮನಸಾಬ ಸದ್ದಾಗಬಾರದೆಂದು ಟಾಂಗಾ ಹತ್ತದೆ ಕುದುರೆಯನ್ನು ನಡೆಸಿಕೊಂಡೇ ಹೋದ. ಅಂಗಳ ಖಾಲಿಯಾಯಿತು. ಎಸ್ತೇರಬಾಯಿ ಹೊರಸಿನ ಮೇಲೆ ಕೂತು, ದೇವರನ್ನು ನೆನೆದು, ಕಣ್ಣು ಮುಚ್ಚಿದಳು.

ಪಕ್ಕದಲ್ಲಿ ಯಾರೋ ಕೆಮ್ಮಿದರು. ಪಾದ್ರಿಗಳು ಹೋಗಿರಲಿಲ್ಲ. ಅಂಗಿಯ ತೋಳು ಮೇಲೇರಿಸುತ್ತ ನಿಂತಿದ್ದರು.

“ತಂಗಿ, ನೀ ಸುಮ್ಮ ಕೂಡ್ತೀಯೋ ಇಲ್ಲೋ ಅನ್ನೂ ಚಿಂತ್ಯಾಗ ನಿನ್ನೆಯಿಂದ ನನಗ ನಿದ್ದೀನ ಬಂದಿಲ್ಲ. ಬಿಪಿ ಏರ್ಯಾದೇನೋ, ಒಂದೀಟು ನೋಡ್ತೀಯೇನು?”

ಎಸ್ತೇರಬಾಯಿಗೆ ಆ ದಿನ ಮೊದಲ ಸಲ ನಗು ಬಂತು. ಎದ್ದು, ಪಾದ್ರಿಗಳನ್ನು ಹೊರಸಿನ ಮೇಲೆ ಮಲಗಿಸಿ, ಸುಮ್ಮನಿರಲು ಹೇಳಿ, ನಾಡಿ ಹಿಡಿದಳು. ನಾಡಿ ಎಣಿಸಿ ಮುಗಿಯುವುದರೊಳಗೆ ಅವರು ಗೊರಕೆ ಹೊಡೆಯತೊಡಗಿದ್ದರು. ಮನೆಯಲ್ಲಿ ಇದ್ದದ್ದು ಅದೊಂದೇ ಹೊರಸು.