ಟ್ರಾನ್ಸ್‌ಫಾರ್ಮರಿಗೆ ಕೈಮುಗಿಸಿದ ನಮ್ಮಣ್ಣ

ನಮ್ಮಣ್ಣನಷ್ಟು ಸಲ ಹಳೇಬೀಡಿಗೆ ಹೋದವರು ಈ ಸೀಮೆಯಲ್ಲೇ ಇರಲಾರರು. ಆದರೂ ಅವನ ಕ್ಯಾಮೆರಾದಲ್ಲಿ ದೇವಸ್ಥಾನದ ಒಂದೇ ಒಂದು ಕಲ್ಲಿಲ್ಲ ಅಂದರೆ ನಂಬುತ್ತೀರಾ? ದೇವಸ್ಥಾನಕ್ಕೆ ಬೆನ್ನು ತಿರುಗಿಸಿ ರಸ್ತೆಬದಿಯ ಟ್ರಾನ್ಸ್‌ಫಾರ್ಮರ್ ತೆಗೆಯುತ್ತಾನೆ ಪುಣ್ಯಾತ್ಮ! ನೀರಿನ ಟ್ಯಾಂಕು, ಪಂಪ್‌ಹೌಸು, ಅರಸೀಕೆರೆ ಸ್ಟೇಷನ್ನಿನ ಸಿಗ್ನಲ್ ಕಂಬ, ಇವೇ ಅವನ ಶಿಲಾಬಾಲಿಕೆಯರು.

ಒಮ್ಮೆ ನಾನೂ ಜೊತೆಗಿದ್ದೆ. ಟ್ರಾನ್ಸ್‌ಫಾರ್ಮರ್ ಮುಂದೆ ಮಂಡಿಯೂರಿ, ಕ್ಯಾಮೆರಾ ಹಿಡಿದ ಎರಡೂ ಕೈ ಹಣೆಯ ಮಟ್ಟಕ್ಕೆತ್ತಿ, ಉಸಿರು ಬಿಗಿಹಿಡಿದು ಕೂತಿದ್ದ. ಹಿಂದಿನಿಂದ ಬಂದ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು, ಕೈಮುಗಿದು, ನನ್ನನ್ನು ಮೆಲ್ಲಗೆ ಕೇಳಿದಳು:

"ಯಾವ ದೇವ್ರಕ್ಕ ಇದು? ಹರಕೆ ಏನ್ ಕಟ್ಕಬೇಕು?"

"ಏನೂ ಬ್ಯಾಡ ಕಣಮ್ಮ, ಮುಟ್ಟದಿದ್ರೆ ಸಾಕು" ಅಂದೆ. ಸುಳ್ಳಾಡಿದ ಪಾಪವಂತೂ ತಪ್ಪಿತು!

ನಮ್ಮ ಚಿಕ್ಕಪ್ಪನ ಮಗಳ ಮದುವೆಗೆ ಇವನೇ ಫೋಟೋಗ್ರಾಫರ್. ಆಲ್ಬಂ ತೆರೆದರೆ ಧಾರೆಯ ಜಾಗದಲ್ಲಿ ಛತ್ರದ ಹಿಂದಿನ ಜನರೇಟರ್!

"ಅಲ್ಲ ಕಣಣ್ಣ, ಗಂಡು ಹೆಣ್ಣು ಎಲ್ಲಿ?"

"ಕರೆಂಟು ಹೋಗಿತ್ತಲ್ಲೇ? ಆಗ ಮದುವೆ ನಡೆಸಿದ್ದು ಅದೇ ಕಣೇ!"

ಬೀಗರು ಒಳ್ಳೆಯವರು, ನಕ್ಕು ಸುಮ್ಮನಾದರು. ದೇವರು ದೊಡ್ಡವನು.

ಇಷ್ಟೆಲ್ಲ ತೆಗೆದವನ ಹತ್ತಿರ ಹೆತ್ತವ್ವನ ಒಂದು ಫೋಟೋ ಇರಲಿಲ್ಲ. ನನಗೆ ಅದೇ ಕೊರಗು. ಅವ್ವನಿಗೆ ವಯಸ್ಸಾಗಿ ತಲೆ, ಕೈ ಸದಾ ನಡುಗುತ್ತವೆ. ಅದೊಂದು ನಾಚಿಕೆ ಅವಳಿಗೆ. ಕ್ಯಾಮೆರಾ ಕಂಡರೆ ಸೆರಗು ಮುಖದ ಮೇಲೆ!

"ನಡುಗೋ ಮುದುಕೀನ ಏನ್ ತೆಗೀತೀಯಲಾ? ಹಾರ ಹಾಕಾಕೆ ಈಗ್ಲೇ ಆತ್ರವಾ?" ಎಂದು ಗದರುತ್ತಾಳೆ. ಅಣ್ಣ "ನಿನ್ನಿಷ್ಟ ಕಣವ್ವ" ಎಂದು ಹೊರಟುಬಿಡುತ್ತಾನೆ. ನನಗೋ ಮೈಯೆಲ್ಲ ಉರಿ. ಒಂದು ಕಂಬಕ್ಕೆ ಬಿಸಿಲಿಳಿಯುವ ತನಕ ಕಾಯುವವನು ಅವ್ವನನ್ನು ಒಂದಿಷ್ಟು ಪುಸಲಾಯಿಸಬಾರದೇ?

ಕಳೆದ ಆಯುಧಪೂಜೆಯ ದಿನ ಅವನು ಜಾವಗಲ್ಲಿನ ಹಳೇ ರಾಗಿ ಮಿಲ್ಲಿಗೆ ಹೊರಟ. ಅವ್ವ ಮದುವೆಯಾಗಿ ಬಂದಾಗಿನಿಂದ ಹಿಟ್ಟು ಮಾಡಿಸಿದ್ದು ಅಲ್ಲೇ. "ನಾನೂ ಬತ್ತೀನಿ, ಮಿಷನ್ನಿಗೆ ಕುಂಕುಮ ಇಟ್ಟು ಬರಾನ" ಎಂದಳು. ನಾನೂ ಹೋದೆ. ಮಿಲ್ಲಿನವರು ಮಿಷನ್ನಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಮಂಗಳಾರತಿಯಾದ ಮೇಲೆ ಶಾಸ್ತ್ರಕ್ಕೆ ಓಡಿಸಿದರು. ನೆಲ, ಬಾಗಿಲು, ಹಿಟ್ಟಿನ ಡಬ್ಬ, ನನ್ನ ಕೈಬಳೆ ಎಲ್ಲ ಗಡಗಡ! ಅಣ್ಣ ಕ್ಯಾಮೆರಾ ಎತ್ತಿದ. ಮಿಷನ್ನಿನ ಪಕ್ಕದಲ್ಲಿದ್ದ ಅವ್ವ ಸೆರಗಿಗೆ ಕೈಹಾಕಿದಳು.

"ಯಾಕವ್ವ? ಮಿಷನ್ನೂ ನಡುಗ್ತೈತೆ ನೋಡು" ಎಂದ ಅಣ್ಣ.

"ಅದು ಓಡ್ತಾ ಐತೆ ಕಣ್ಲಾ, ಅದಕ್ಕೆ ನಡುಗ್ತೈತೆ."

"ಮತ್ತೆ ನೀನೇನು ನಿಂತೋಗಿದ್ದೀಯಾ?"

ಅವ್ವ ಸೆರಗು ಬಿಟ್ಟು, ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟಳು. ಪುಸಲಾಯಿಸುವುದು ಅವನಿಗೆ ಬರುವುದಿಲ್ಲ, ಕಾಯುವುದು ಬರುತ್ತದೆ ಎಂದು ನನಗೆ ಆಗ ತಿಳಿಯಿತು.

ಫೋಟೋದಲ್ಲಿ ಮಿಷನ್ನೂ ಮಸುಕು, ಅವ್ವನೂ ಮಸುಕು. ನಗು ಮಾತ್ರ ಯಾರಿಗಾದರೂ ಕಾಣುತ್ತದೆ. ಅದನ್ನು ನಮ್ಮನೆಯ ದೇವರಗೂಡಿನ ಪಕ್ಕದ ಗೋಡೆಗೆ ಹಾಕಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಎಲ್ಲ ದೇವರಿಗೂ ಹೂ ಇಟ್ಟು, ಆ ಫೋಟೋದ ಮುಂದೆ ಮಾತ್ರ ಬರಿಗೈಯಲ್ಲಿ ನಿಲ್ಲುತ್ತೇನೆ. ಅದಕ್ಕೆ ಹೂ ಇಡದಿರುವ ಇನ್ನೊಂದು ಬೆಳಗು ಕೊಟ್ಟೆಯಲ್ಲ ಶಿವನೇ, ಇವತ್ತಿಗೆ ಅಷ್ಟು ಸಾಕು.