ಹೊಗೆಯ ವಿರುದ್ಧ ಖಾಯಂ ಅಭ್ಯರ್ಥಿ

ಸಿಟ್ಟು ಬಂದಾಗ ಮನುಷ್ಯ ಏನು ಬೇಕಾದರೂ ಮಾಡಲಿ, ಉಣ್ಣುವ ತಾಟು ಎತ್ತಿ ಒಗೆಯಲಿ, ಬೀಗರ ಮನೆಗೆ ಹೋಗಿ ಮುಖ ಊದಿಸಿಕೊಂಡು ಕೂಡಲಿ. ಗ್ರಾಮ ಪಂಚಾಯತಿ ಚುನಾವಣೆಗೆ ಮಾತ್ರ ನಿಲ್ಲಬಾರದು. ಒಗೆದ ತಾಟನ್ನು ಎತ್ತಿ ತೊಳೆದಿಡಬಹುದು. ಚುನಾವಣೆಗೆ ನಿಂತರೆ ಊರೇ ಕೂಡಿ ನಿಮ್ಮನ್ನು ತೊಳೆಯುತ್ತದೆ. ನಿಂತವನು ನಾನು, ಹೇಳುವ ಹಕ್ಕು ನನಗಿದೆ.

ನಮ್ಮದು ಮೂಡಲಗಿ ಬಾಜೂಕಿನ ಊರು. ನಾನು ದರ್ಜಿ. ನಮ್ಮ ಓಣಿಯ ತುದಿಗೆ ಭರಮಣ್ಣ ಕಾಕಾನ ಬೆಲ್ಲದ ಗಾಣ. ಕಬ್ಬಿನ ಹಾಲು ಕುದಿಸುವುದಕ್ಕೆ ಮೊದಲು ಒಲೆಗೆ ಕಬ್ಬಿನ ಒಣ ಸಿಪ್ಪೆ ಹಾಕುತ್ತಿದ್ದರು. ಯಾವ ಪುಣ್ಯಾತ್ಮ ಕಲಿಸಿದನೋ, ಆಮೇಲೆ ಹಳೆಯ ಟೈರು ಸುಡುವುದು ಶುರುವಾಯಿತು. ಯಮಕನಮರಡಿಯ ಹೆದ್ದಾರಿ ಕಡೆಯಿಂದ ಟ್ರಕ್ಕುಗಟ್ಟಲೆ ಬರುತ್ತಿದ್ದವು. ಉರಿ ಜೋರು, ಬೆಲ್ಲ ಲಗೂನ. ಹೊಗೆ ಮಾತ್ರ ಎಮ್ಮೆಯ ಬಣ್ಣದ್ದು. ಹೊಲಿದು ತೂಗುಹಾಕಿದ ಬಿಳಿ ಅಂಗಿ ಗಿರಾಕಿ ಬರುವುದರೊಳಗೆ ಬೂದಿ ಬಣ್ಣಕ್ಕೆ ತಿರುಗಿ, “ನಾ ಕೊಟ್ಟ ಅರಬಿ ಇದಲ್ಲೋ” ಎಂದು ಜಗಳ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನನ್ನ ಹೆಂಡತಿ ಕಸ್ತೂರಿಗೆ ದಮ್ಮಿನ ಜಡ್ಡು. ಗಾಣ ಶುರುವಾದರೆ ಅವಳು ಗೋಡೆಗೆ ದಿಂಬು ಆನಿಸಿ ಕೂತೇ ನಿದ್ದೆ ಮಾಡಬೇಕು. ಅವಳ ಎದೆಯೊಳಗಿನ ಸಿಳ್ಳೆ ಕೇಳುತ್ತ ನಾನು ಎಷ್ಟು ದಿನ ಸುಮ್ಮನಿರಲಿ?

ಕಾಕಾನಿಗೆ ಹೇಳಿದೆ. “ತಮ್ಮಾ, ಹೊಗಿ ಮ್ಯಾಲ ಹೋಗತೈತಿ. ನಿನ್ನ ಮನಿ ಕೆಳಗೈತಿ” ಎಂದ. ಪಂಚಾಯತಿಗೆ ದೂರೋಣವೆಂದರೆ ನಮ್ಮ ವಾರ್ಡಿನ ಮೆಂಬರೂ ಅವನೇ.

“ಹಂಗಾದ್ರ ಈ ಸಲ ನಿಮ್ಮ ಎದುರು ನಾನೂ ನಿಲ್ತೀನಿ!”

“ನಿಲ್ಲೋ, ಯಾರ್ ಬ್ಯಾಡಂದ್ರು? ಮಷೀನ್ ಮುಂದ ಕುಂತು ಕುಂತು ನಿನ್ನ ಸೊಂಟಾನೂ ಹಿಡದೈತಿ.”

ನಿಂತೆ. ನನಗೆ ಸಿಕ್ಕ ಚಿಹ್ನೆ ಹೊಲಿಗೆ ಯಂತ್ರ. ಮನೆಮನೆಗೆ ಹೋಗಿ ಚೀಟಿ ಕೊಟ್ಟು ಗಾಳಿ, ಪರಿಸರ ಎಂದು ಶುರುಮಾಡಿದರೆ, ಹೆಣ್ಣುಮಕ್ಕಳು, “ಜಂಪರಿಗೆ ದರಾ ಇಳಿಸೀರೇನ್ರಿ?” ಎಂದು ಕೇಳುತ್ತಿದ್ದರು. ನನಗೋ ಭಾಷಣ ಬರದು. ಅದಕ್ಕೆ ಒಂದು ಉಪಾಯ ಹೂಡಿದೆ. ತೊಳೆದ ಬಿಳಿ ಧೋತರವನ್ನು ಬೆಳಿಗ್ಗೆ ಚಾವಡಿಯ ಮುಂದೆ ಗಳಕ್ಕೆ ಕಟ್ಟುವುದು. ಸಂಜೆಯೊಳಗೆ ಹೊಗೆಯೇ ಅದರ ಮೇಲೆ ನನ್ನ ಭಾಷಣ ಬರೆಯುತ್ತದೆ!

ಸಂಜೆ ಜನ ಸೇರಿದರು. ಧೋತರ ಹಾಲಿನಂತೆ ಬೆಳ್ಳಗಿತ್ತು. ಗಾಳಿ ತಿರುಗಿರಬೇಕೆಂದು ಮರುದಿನವೂ ಕಟ್ಟಿದೆ. ಮತ್ತೂ ಬೆಳ್ಳಗೆ. ಕಾಕಾ ಸ್ವತಃ ಬಂದು ಧೋತರದ ಅಂಚು ಮುಟ್ಟಿ ನೋಡಿ, “ಯಾವ ಸಾಬಾಣ ಹಚ್ತೀರೋ? ನಮ್ಮಾಕಿಗೂ ಹೇಳು” ಎಂದ. ಚಾವಡಿಯೆಲ್ಲ ನಕ್ಕಿತು. ನಾನು ನಿಂತ ದಿನದಿಂದಲೇ ಆಸಾಮಿ ಟೈರು ಬಿಟ್ಟು ಸಿಪ್ಪೆ ಸುಡುತ್ತಿದ್ದನಂತೆ! ಮೇಲಾಗಿ, ಗಾಣಕ್ಕೆ ಬಂದವರನ್ನು ಬಿಸಿ ಬೆಲ್ಲ ತಿನ್ನಿಸದೆ ಕಳಿಸಬಾರದೆಂಬುದು ನಮ್ಮ ಕಡೆಯ ರೂಢಿ. ಅದನ್ನು ಲಂಚವೆನ್ನುವ ಧೈರ್ಯ ಯಾರಿಗಿದೆ? ಜಗಳ ತೆಗೆಯಲು ಹೋದ ನಾನೂ ತಿಂದೇ ಬಂದೆ.

“ಹೊಗಿ ಎಲ್ಲೈತ್ರಿ?” ಎಂದು ಊರು ಕೇಳಿತು. ಸೋತೆ. ಎಣಿಸುವ ಸಾಹೇಬರಿಗೆ ನನ್ನ ಓಟಿನ ಕಟ್ಟಿಗೆ ದಾರ ಸುತ್ತುವ ಅಗತ್ಯವೇ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಗಾಣದ ಚಿಮಣಿ ಕಪ್ಪಗೆ ಕೆಮ್ಮಿತು. ಒಳಗೆ ಕಸ್ತೂರಿಯೂ ಕೆಮ್ಮಿದಳು. ಆಗ ತಲೆಗೆ ಹೊಳೆಯಿತು: ಪ್ರಚಾರದ ಅಷ್ಟೂ ದಿನ ಇವಳು ಅಂಗಾತ ಮಲಗಿ ಗೊರಕೆ ಹೊಡೆದಿದ್ದಳಲ್ಲ! ನಾನು ಗೆಲ್ಲಲಿಲ್ಲ, ಬರೇ ನಿಂತಿದ್ದೆ. ಅಷ್ಟಕ್ಕೇ ಹೊಗೆ ನಿಂತಿತ್ತು! ಟೇಪು ಕೊರಳಿಗೆ ಹಾಕಿಕೊಂಡೇ ಗಾಣಕ್ಕೆ ನಡೆದೆ.

“ಕಾಕಾ, ಬರೂ ತಿಂಗಳ ಹಾಲಿನ ಸೊಸೈಟಿ ಚುನಾವಣಿ ಐತಿ. ನೀವು ನಿಲ್ಲಾವ್ರಲ್ಲ? ನಾನೂ ನಿಲ್ತೀನಿ.”

“ನಿನ್ನ ಹಂತ್ಯಾಕ ಎಮ್ಮಿನ ಇಲ್ಲಲ್ಲೋ!”

“ತರ್ತೀನಿ.”

ಕಾಕಾ ನನ್ನನ್ನು ನೋಡಿದ, ಒಲೆಯನ್ನು ನೋಡಿದ. “ಏ, ಆ ಟೈರ್ ಬಾಜೂಕ ಸರಸ್ರೋ” ಎಂದು ಆಳುಗಳಿಗೆ ಹೇಳಿದ.

ಎಮ್ಮೆ ತಂದೆ. ಸೋತೆ. ಆಮೇಲೆ ಸಾಲಿ ಸುಧಾರಣಾ ಸಮಿತಿಗೆ ಸೋತೆ, ಸಾಲದ ಸೊಸೈಟಿಗೆ ಸೋತೆ. ಕಾಕಾ ಎಲ್ಲೆಲ್ಲಿ ನಿಂತನೋ ಅಲ್ಲೆಲ್ಲ ನನ್ನ ಧೋತರ ಏರಿತು, ಅವನ ಟೈರು ಇಳಿಯಿತು. ಗೋಕಾಕದ ಸಂತೆಯಲ್ಲಿ ಯಾರೋ, “ಏನ್ರಿ, ಇಷ್ಟ್ ಸಲ ಸೋಲಾಕ ನಾಚಿಕಿ ಬರೂದಿಲ್ಲೇನ್ರಿ?” ಎಂದರು. “ಇಲ್ಲರಿ, ಇನ್ನೂ ಸೋಲಾವಿದ್ದೇನಿ” ಎಂದು ಎದೆ ಸೆಟೆಸಿ ಹೇಳಿದೆ.

ಆದರೆ ಮತ್ತೆ ಪಂಚಾಯತಿ ಚುನಾವಣೆ ಬಂದಾಗ ಜನಕ್ಕೆ ನನ್ನ ಮೇಲೆ ಏನನ್ನಿಸಿತೋ, ಒಂದೇ ಒಂದು ಓಟಿನಿಂದ ಸೋತೆ. ಮನೆಗೆ ಬಂದು, ಆ ದ್ರೋಹಿ ಯಾರೆಂದು ಓಣಿಯವರನ್ನೆಲ್ಲ ಹೆಸರು ಹಿಡಿದು ಬೈಯತೊಡಗಿದೆ. ಕಸ್ತೂರಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

“ಮಂದೀನ್ ಯಾಕ ಬೈತೀರಿ? ಕಾಕಾಗ ಹಾಕಿದಾಕಿ ನಾನ.”

“ನೀನೇನ!”

“ಹೂಂನ್ರಿ. ಗೆದ್ದು ಖುರ್ಚಿಮ್ಯಾಲ ಕುಂತ್ರ ನೀವೂ ಎಲ್ಲಾರ್ಹಂಗ ಸುಮ್ಮನಾಗ್ತೀರಿ. ಸೋತ್ರ ಊರು ಕೂಡಿ ಬಾಯಿ ಹಿಡದ್ರೂ ಬಿಡೂದಿಲ್ಲ. ನನಗ ಉಸರಾಡಾಕ ಬೇಕಾಗೈತಿ.”

ಎಂಥ ಮಾತು! ಸುಮ್ಮನಾಗುವ ಮನುಷ್ಯನೇ ನಾನು? ಎನ್ನುತ್ತಲೇ ಎದ್ದು ಹೋಗಿ ಮಷೀನಿನ ಖಾನೆ ಎಳೆದು ನೋಡಿದೆ. ಪಂಚಾಯತಿಯ ಆ ಖುರ್ಚಿಗೆಂದು ಮೆತ್ತನೆಯ ಗಾದಿಗೆ ಅರಬಿ ಕತ್ತರಿಸಿ ಅಲ್ಲಿಟ್ಟಿದ್ದೆ. ಅದು ಇವಳ ಕಣ್ಣಿಗೆ ಬಿದ್ದಿರಬೇಕು.