ಮನೆಗೊಂದು ಬೋಲ್ಟು

ಕಬ್ಬಿಣದ ಶೆಡ್ ತಪಾಸಣೆ ನನ್ನ ಕಸುಬು. ಅಥಣಿಯಿಂದ ನಿಪ್ಪಾಣಿವರೆಗೆ ಎಲ್ಲಿ ಶೆಡ್ ಬಿದ್ದರೂ ನನಗೆ ಫೋನು ಬರುತ್ತದೆ. ನಿಂತ ಶೆಡ್ಡಿನವರು ಯಾರೂ ಕರೆಯುವುದಿಲ್ಲ. ಹಾಗಾಗಿ ನನಗೆ ಸಿಗುವ ನಗೆಯೆಲ್ಲ ಯಾರದೋ ಅಳುವಿನ ಪಕ್ಕದಲ್ಲೇ ಸಿಗುತ್ತದೆ.

೧. ಗಟ್ಟಿ ಮಾಲು

ರಾಯಬಾಗದ ಕಡೆ ಗಾಳಿಗೆ ಒಂದು ದನದ ಶೆಡ್ ಬಿತ್ತು. ಅಡಿಯಲ್ಲಿ ಸಿಕ್ಕ ಎಮ್ಮೆ ಸತ್ತಿತ್ತು. ಮನೆಯಾಕೆ ಅದರ ಕೊಂಬು ಹಿಡಿದು ಅಳುತ್ತಿದ್ದಳು. ಶೆಡ್ ಕಟ್ಟಿದಾತ ಗಟ್ಟಿಯಾಗಲೆಂದು ಬೋಲ್ಟುಗಳನ್ನು ಒತ್ತೊತ್ತಾಗಿ ಹಾಕಿದ್ದ. ತೂತುಗಳ ನಡುವೆ ಕಬ್ಬಿಣವೇ ಉಳಿದಿರಲಿಲ್ಲ. ಕಂಬಕ್ಕೆ ತೊಲೆ ಕೂಡಿಸುವ ಪ್ಲೇಟು ಆ ತೂತಿನ ಸಾಲಿಗೇ ಹರಿದಿತ್ತು. ಆತ ಮಾತ್ರ ಎದೆಯುಬ್ಬಿಸಿ, "ಬೋಲ್ಟ್ ಒಂದರ ಮುರದೈತೇನ್ ನೋಡ್ರಿ ಸಾಹೇಬ್ರ! ನಮ್ಮ ಮಾಲಂದ್ರ ಮಾಲು!" ಎಂದ.

೨. ಸೂತಕದ ಮುಖ

ಅಂದಿನಿಂದ ಯಾವ ಮದುವೆಗೆ ಹೋದರೂ ನನ್ನ ಕಣ್ಣು ಛಾವಣಿಯ ಬೋಲ್ಟುಗಳ ಮೇಲೆ. ನಿಪ್ಪಾಣಿಯಲ್ಲೊಮ್ಮೆ ಊಟಕ್ಕೆ ಕೂತು ಸಪ್ಪೆ ಮುಖ ಮಾಡಿ ಹಾಗೇ ಮೇಲೆ ನೋಡುತ್ತಿದ್ದೆ. ಬಡಿಸುವವನು ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದ: "ಅಕ್ಕಾರ, ಇವರ ಪೈಕಿ ಯಾರರ ತೀರಕೊಂಡಾರೇನ್ರಿ?"

"ಇನ್ನಾ ಇಲ್ರಿ," ಎಂದಳು ಅವಳು. "ಯಾರು ತೀರಕೋತಾರಂತ ನೋಡಾಕತ್ತಾರ."

೩. ಅವರವರ ಬೋಲ್ಟಿನ ಕೆಳಗೆ

ಐನಾಪುರದ ಹತ್ತಿರ ನನ್ನ ಹೆಂಡತಿಯ ತವರೂರು. ಅಲ್ಲಿನ ಬಸದಿಗೆ ಹೊಸ ಶೆಡ್ ಏಳುತ್ತಿತ್ತು. ಅದರಲ್ಲಿ ಮೊದಲ ಕಾರ್ಯ ನನ್ನ ಮಗಳ ಮದುವೆ. ಊರ ಹಿರಿಯರಾದ ನಮ್ಮ ಮಾವನವರು, ಪುಣ್ಯದಲ್ಲಿ ಎಲ್ಲರಿಗೂ ಪಾಲಿರಲಿ ಎಂದು, ಮನೆಗೊಂದು ಬೋಲ್ಟು ಬಿಗಿಯಲು ಕರೆದುಬಿಟ್ಟರು. ಎಲ್ಲರಿಗೂ ಬಾಗಿಲೆದುರಿನ ದೊಡ್ಡ ಪ್ಲೇಟೇ ಬೇಕು. ನನಗೆ ರಾಯಬಾಗದ ಎಮ್ಮೆ ಕಣ್ಣೆದುರು ಬಂತು.

"ಮಾವಾರ, ಇಷ್ಟು ಹತ್ತರ ಹತ್ತರ ತೂತು ಹೊಡದ್ರ ಪ್ಲೇಟು ಹರೀತೈತ್ರಿ. ಕೆಳಗ ನನ್ನ ಮಗಳು ಕುಂದ್ರಾಕಿ."

"ಒಂದ ಮನಿ ಬಿಟ್ರೂ ಮಾತ ಬಿಡ್ತಾರ, ಅಳಿಯಾರ."

"ಹಂಗಾರ ಹಾಕ್ರಿ. ಆದ್ರ ಮದವಿ ದಿನ ಅವರವರ ಬೋಲ್ಟಿನ ಕೆಳಗ ಅವರವರ ಕುಂತು ಉಣ್ಣಬೇಕು."

ಮೊದಲು ಮಾವನವರೇ, "ನಮ್ಮದು ಆ ಹಿಂದಿನ ಕಂಬಕ್ಕ ಇರ್ಲಿ" ಎಂದರು. ಉಳಿದವರೂ ಒಂದೊಂದು ಕಂಬ ಹಿಡಿದರು. ಬೋಲ್ಟುಗಳೆಲ್ಲ ಬೇಕಾದಷ್ಟು ಅಂತರದಲ್ಲಿ ಹಂಚಿಹೋದವು.

ಮದುವೆ ಚೆನ್ನಾಗಿಯೇ ಆಯಿತು. ಫೋಟೋ ಬಂದಾಗ ನೋಡಿದರೆ ಅಕ್ಷತೆ ಹಿಡಿದ ಇಡೀ ಊರು ತಲೆಯೆತ್ತಿ ತಂತಮ್ಮ ಬೋಲ್ಟು ನೋಡುತ್ತಿದೆ. ನಾನೊಬ್ಬನೇ ಮಗಳನ್ನು ನೋಡುತ್ತಿದ್ದೇನೆ. ನಾಳೆಯಿಂದ ಇವಳು ಮನೆಯಲ್ಲಿರುವುದಿಲ್ಲ ಎಂಬ ದುಃಖಕ್ಕೆ ಅಂದು ನನಗೆ ಶೆಡ್ಡೇ ಮರೆತುಹೋಗಿತ್ತು.

ಹೆಂಡತಿ ಆ ಫೋಟೋ ನೋಡಿ ನನ್ನ ಮೇಲೆ ಹರಿಹಾಯ್ದಳು: "ಕಂಡವರ ಮದವಿ ಒಳಗೆಲ್ಲಾ ಮ್ಯಾಲ ನೋಡಿದ್ರಿ. ನಮ್ಮ ಮಗಳ ಮದವಿ ಒಳಗ ನೋಡ್ಲಿಲ್ಲಲ್ರಿ, ಬಿದ್ದಿದ್ರ?"